ಪಿಚ್ಚರ್ ಹ್ಯಾಂಗೈತಿ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳಲ್ಲಿ ಸಿನೆಮಾ ನೋಡಿ ಬಂದವನಿಗೆ ಎದುರಾಗುವ ಪ್ರಶ್ನೆ ಒಂದೇ: ‘ಪಿಚ್ಚರ್ ಹ್ಯಾಂಗೈತಿ?’ ಉತ್ತರವೂ ಬಹಳ ಉದ್ದ ಇರುವುದಿಲ್ಲ. ‘ಚಲೋ ಐತಿ, ಹೋಗು’, ‘ಒಮ್ಮಿ ನೋಡಬಹುದು’, ‘ಇಂಟರ್‌ವಲ್ ತನಕ ಕುಂತು ಎದ್ದು ಬಾ’, ‘ರೊಕ್ಕ ಉಳಿಸ್ಕೊ’. ೧೯೩೪ರ ‘ಸತಿ ಸುಲೋಚನಾ’ದಿಂದ ಹಿಡಿದು ಮೊನ್ನೆ ಶುಕ್ರವಾರ ಬಂದ ಚಿತ್ರದವರೆಗೆ ಕನ್ನಡ ಸಿನೆಮಾದ ಹಣೆಬರಹವನ್ನು ಬರೆದದ್ದು ಇಂಥ ನಾಲ್ಕು ತೀರ್ಪುಗಳೇ. ಪೋಸ್ಟರಿನ ಮೈದಾಹಿಟ್ಟು ಒಣಗುವುದರೊಳಗೆ ಈ ತೀರ್ಪು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ, ಅಲ್ಲಿಂದ ಹೊತ್ತು ಮುಳುಗುವುದರೊಳಗೆ ಸುತ್ತಿನ ಹಳ್ಳಿಗಳಿಗೆ ತಲುಪಿರುತ್ತದೆ.

ಈ ಮಾತಿನ ಪರವಾಗಿ ನಾನು ವಕಾಲತ್ತು ವಹಿಸಿದ್ದೇನೆ. ಇದು ಬರೀ ಹರಟೆ, ಕಟ್ಟೆಪುರಾಣ, ಉದ್ಯೋಗವಿಲ್ಲದವರ ಬಾಯಿಚಪಲ ಎಂದು ಮೂಗು ಮುರಿಯುವ ದೊಡ್ಡವರಿದ್ದಾರೆ. ಮುರಿಯಲಿ, ಅವರ ಮೂಗು. ನನ್ನ ಜಗಳ ಇರುವುದು ಈ ಮಾತನ್ನು ನಮ್ಮ ಬಾಯಿಂದಲೇ ಕಸಿದುಕೊಳ್ಳಲು ಹೊರಟವರ ಜೊತೆ. ಅಂಥವರು ಮೂರು ಜನ. ಒಬ್ಬ ಚಿತ್ರ ಮಾಡುವವನು, ಇನ್ನೊಬ್ಬ ಚಿತ್ರದ ಮೇಲೆ ಬರೆಯುವವನು, ಮೂರನೆಯವನು ನಮ್ಮ ಮನೆಯಲ್ಲೇ ಉಂಡು ಬೆಳೆದ ಅಭಿಮಾನಿ.

ಮೊದಲನೆಯವನಿಂದಲೇ ಶುರು ಮಾಡೋಣ. ೨೦೨೩ರಲ್ಲಿ ಕೇರಳದಲ್ಲಿ ಸಿನೆಮಾ ಚೆನ್ನಾಗಿಲ್ಲವೆಂದು ಪ್ರಚಾರ ಮಾಡಿದವರ ಮೇಲೆ ಪೊಲೀಸ್ ಕೇಸು ದಾಖಲಾಯಿತು. ೨೦೨೪ರ ಕೊನೆಯಲ್ಲಿ ತಮಿಳು ನಿರ್ಮಾಪಕರ ಸಂಘವೊಂದು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿ, ಚಿತ್ರ ಬಿಡುಗಡೆಯಾದ ಮೊದಲ ಮೂರು ದಿನ ಯಾರೂ ಅದರ ವಿಮರ್ಶೆ ಮಾಡದಂತೆ ತಡೆಯಬೇಕೆಂದು ಕೇಳಿತು. ಕೋರ್ಟು ತಕ್ಷಣಕ್ಕೆ ಅಂಥ ತಡೆ ಕೊಡಲು ಒಪ್ಪಲಿಲ್ಲ. ಆದರೆ ಕೇಳಿದ ಧೈರ್ಯ ನೋಡಿ! ಸಂತೆಯಲ್ಲಿ ರೊಕ್ಕ ಕೊಟ್ಟು ಕೊಂಡ ಬದನೆಕಾಯಿ ಹುಳುಕಾಗಿದ್ದರೆ ಅದನ್ನು ಪಕ್ಕದವನಿಗೆ ಹೇಳಲು ಮೂರು ದಿನ ಕಾಯಬೇಕಂತೆ. ಅಷ್ಟರೊಳಗೆ ಮಾರುವವನ ಬುಟ್ಟಿ ಖಾಲಿಯಾಗಬೇಕು, ಅದು ಅವರ ಲೆಕ್ಕ.

ನಮ್ಮ ಕನ್ನಡದ ನಿರ್ಮಾಪಕರು ಇದನ್ನು ಓದಿ, ‘ಅದು ಕೇರಳ, ಇದು ತಮಿಳುನಾಡು, ನಾವು ಸಾಧುಗಳು’ ಎಂದುಕೊಳ್ಳಬೇಕಾಗಿಲ್ಲ. ಒಳಗೊಳಗೇ ಎಲ್ಲರಿಗೂ ಅದೇ ಆಸೆ. ‘ಕನ್ನಡ ಸಿನೆಮಾ ಉಳಿಸಿ, ಬೆಳೆಸಿ’ ಎಂದು ವೇದಿಕೆಯ ಮೇಲೆ ಕೈಮುಗಿಯುವವರ ಮಾತಿನ ಅರ್ಥ ಅನೇಕ ಸಲ ‘ದಯವಿಟ್ಟು ಬಾಯಿ ಮುಚ್ಚಿಕೊಂಡು ನೋಡಿ’ ಎಂದೇ. ಭಾಷೆಯ ಹೆಸರಿನಲ್ಲಿ ಕೆಟ್ಟ ಅಡುಗೆ ಉಣ್ಣಬೇಕೆಂದು ತಾಯಿ ಕೂಡ ಮಗನಿಗೆ ಹೇಳುವುದಿಲ್ಲ.

ಅವರ ವಾದದಲ್ಲೂ ಒಂದು ಹಿಡಿ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ದುಡ್ಡು ಇಸಿದುಕೊಂಡು ಹೊಗಳುವವರು, ದುಡ್ಡು ಕೊಡದಿದ್ದರೆ ತೆಗಳುವವರು, ಚಿತ್ರ ನೋಡದೆಯೇ ಮೊಬೈಲಿನಲ್ಲಿ ಕೂಗಾಡುವವರು ಇದ್ದಾರೆ. ನಾಲ್ಕು ವರ್ಷ ಸಾಲ ಮಾಡಿ ಚಿತ್ರ ತೆಗೆದವನ ಹೊಟ್ಟೆಯ ಮೇಲೆ ಅವರು ಹೊಡೆಯುತ್ತಾರೆ ಎಂಬುದೂ ನಿಜ. ಆದರೆ ಅಂಥವನಿಗೂ ನಮ್ಮ ಚಹಾದಂಗಡಿಯ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. ನಮ್ಮವನಿಗೆ ಮುಖವಿದೆ, ಊರಿದೆ, ಓಣಿಯಿದೆ. ಅವನು ‘ಚಲೋ ಐತಿ’ ಎಂದದ್ದಕ್ಕೆ ನಂಬಿ ಟಿಕೆಟ್ ಕೊಂಡು ಮೋಸಹೋದವನು ಮರುದಿನ ಮುಂಜಾನೆ ಅದೇ ಬೆಂಚಿನ ಮೇಲೆ ಅವನ ಎದುರಿಗೇ ಕೂಡುತ್ತಾನೆ. ‘ಏನಲೇ, ಅದೇನು ಪಿಚ್ಚರ್ ಅಂತ ಕಳಿಸಿದ್ದಿ? ಚಹಾದ ರೊಕ್ಕ ನೀನೇ ಕೊಡು’ ಎನ್ನುತ್ತಾನೆ. ಸುಳ್ಳು ತೀರ್ಪಿಗೆ ಇಲ್ಲಿ ದಂಡವಿದೆ. ಪತ್ರಿಕೆಯ ನಕ್ಷತ್ರಗಳಿಗೆ ಯಾವ ದಂಡವಿದೆ?

ಕಣ್ಣೆದುರಿಗೇ ತೀರ್ಪು ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ಬಯಲಾಟದಲ್ಲಿ ರಾತ್ರಿಯೆಲ್ಲ ಕೂತ ಮಂದಿ ಪಾತ್ರಧಾರಿ ತಾಳ ತಪ್ಪಿದರೆ ಅಲ್ಲಿಯೇ ಹೇಳುತ್ತಿದ್ದರು. ಜಾತ್ರೆಗೆ ಕ್ಯಾಂಪು ಹಾಕಿದ ಕಂಪನಿ ನಾಟಕದವರಿಗೆ ಗೊತ್ತಿತ್ತು, ಹಾಡು ಹಿಡಿಸಿದರೆ ‘ಒನ್ಸ್ ಮೋರ್’, ಹಿಡಿಸದಿದ್ದರೆ ಸೀಟಿ, ಅದೂ ಹಿಡಿಸದಿದ್ದರೆ ಮರುದಿನ ಖಾಲಿ ಕುರ್ಚಿ. ನಟ ಆ ತೀರ್ಪನ್ನು ಮುಖಕ್ಕೆ ಮುಖ ಕೊಟ್ಟು ತೆಗೆದುಕೊಳ್ಳುತ್ತಿದ್ದ, ಮರುದಿನದ ಆಟದಲ್ಲಿ ತಿದ್ದಿಕೊಳ್ಳುತ್ತಿದ್ದ. ಡಾ. ರಾಜಕುಮಾರ್ ಗುಬ್ಬಿ ಕಂಪನಿಯ ಗರಡಿಯಿಂದ ಬಂದವರು, ೧೯೫೪ರ ‘ಬೇಡರ ಕಣ್ಣಪ್ಪ’ಕ್ಕೆ ಬರುವ ಮೊದಲೇ ಇಂಥ ಪ್ರೇಕ್ಷಕರ ಕೈಯಲ್ಲಿ ಪಳಗಿದವರು. ಅವರ ‘ಬಂಗಾರದ ಮನುಷ್ಯ’ (೧೯೭೨) ನೋಡಿ ಬಂದ ಒಕ್ಕಲಿಗರು ನಮ್ಮ ಕಡೆ ಬರೀ ಹಾಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಕಲ್ಲುಭೂಮಿ ಒಡೆದು ಹೊಲ ಮಾಡುವ ಖರ್ಚೆಷ್ಟು, ಎಷ್ಟು ವರ್ಷಕ್ಕೆ ಅದು ಫಲ ಕೊಟ್ಟೀತು ಎಂದು ಲೆಕ್ಕ ಹಾಕುತ್ತಿದ್ದರು. ಚಿತ್ರದ ಮೇಲೆ ಇದಕ್ಕಿಂತ ದೊಡ್ಡ ಗೌರವ ಬೇರೆ ಯಾವುದಿದೆ?

ಈಗ ಎರಡನೆಯವನು, ಅಂದರೆ ಬರೆಯುವವನು. ಇವನ ದೂರು ಹಳೆಯದು: ಜನಕ್ಕೆ ಅಭಿರುಚಿ ಇಲ್ಲ. ‘ಸಂಸ್ಕಾರ’ (೧೯೭೦), ‘ಚೋಮನ ದುಡಿ’ (೧೯೭೫), ‘ಘಟಶ್ರಾದ್ಧ’ (೧೯೭೭) ಇಂಥ ಚಿತ್ರಗಳಿಗೆ ದಿಲ್ಲಿಯಲ್ಲಿ ಪ್ರಶಸ್ತಿ ಬಂತು, ಹೊರದೇಶಗಳಲ್ಲಿ ಹೆಸರು ಬಂತು, ಆದರೆ ನಮ್ಮ ಹಳ್ಳಿಯವರು ಫೈಟಿಂಗ್ ಇಲ್ಲದೆ ಚಿತ್ರ ನೋಡುವುದಿಲ್ಲ ಎಂದು ಅವನು ಬರೆಯುತ್ತಾನೆ. ಸ್ವಾಮಿ, ಎಲೆಗೆ ಬಡಿಸದೆಯೇ ‘ಇವನಿಗೆ ರುಚಿ ಗೊತ್ತಿಲ್ಲ’ ಎನ್ನುವುದು ಯಾವ ಊರಿನ ನ್ಯಾಯ? ಆ ಚಿತ್ರಗಳನ್ನು ನಾವು ನೋಡಿದ್ದು ಥಿಯೇಟರಿನಲ್ಲಲ್ಲ. ದೂರದರ್ಶನ ಬಂದ ಮೇಲೆ, ಆಂಟೆನಾ ತಿರುಗಿಸುತ್ತ, ಮಳೆ ಸುರಿದಂಥ ಪರದೆಯಲ್ಲಿ ನೋಡಿದೆವು. ಹಾಗೆ ನೋಡಿದಾಗಲೂ ಚೋಮನ ಭೂಮಿಯ ಆಸೆ ನಮಗೆ ತಿಳಿಯದೆ ಹೋಗಲಿಲ್ಲ. ಭೂಮಿಯಿಲ್ಲದವನ ದುಃಖ ತಿಳಿಯಲು ರಾಯಚೂರು ಜಿಲ್ಲೆಯವರಿಗೆ ವಿಮರ್ಶಕನ ಟಿಪ್ಪಣಿ ಬೇಕೆ?

ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತದೆ. ನಡೆಯಲಿ, ಸಂತೋಷ. ಇರಾನಿನ, ಕೊರಿಯಾದ ಚಿತ್ರಗಳು ಸಾವಿರಾರು ಮೈಲಿ ದಾಟಿ ಅಲ್ಲಿಗೆ ಬರುತ್ತವೆ. ಅಲ್ಲಿಂದ ಸಿಂಧನೂರು ಸುಮಾರು ೪೦೦ ಕಿಲೋಮೀಟರು. ಆ ೪೦೦ ಕಿಲೋಮೀಟರನ್ನು ದಾಟುವ ಶಕ್ತಿ ಮಾತ್ರ ಯಾವ ಚಿತ್ರಕ್ಕೂ ಇಲ್ಲ. ಹೀಗಿರುವಾಗ ಅಭಿರುಚಿಯ ಪಾಠ ಯಾರಿಗೆ ಯಾರು ಹೇಳಬೇಕು?

ನಮ್ಮವರ ಹಗುರ ಮಾತಿನಲ್ಲಿ ಎಂಥ ತೂಕವಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ಕೆ.ಜಿ.ಎಫ್.’ ಮೊದಲ ಭಾಗ ೨೦೧೮ರಲ್ಲಿ, ಎರಡನೆಯದು ೨೦೨೨ರಲ್ಲಿ ಬಂತು. ದೇಶವೆಲ್ಲ ಕುಣಿಯಿತು, ಕನ್ನಡದ ಹೆಸರು ಹಿಂದಿಯವರ ಬಾಯಲ್ಲೂ ಬಂತು. ಆದರೆ ಕೋಲಾರದ ಚಿನ್ನದ ಗಣಿ ೨೦೦೧ರಲ್ಲಿಯೇ ಮುಚ್ಚಿಹೋಗಿತ್ತು. ಇವತ್ತಿಗೂ ನೆಲದೊಳಗೆ ಇಳಿದು ಚಿನ್ನ ತೆಗೆಯುವ ಜನ ಇರುವುದು ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ. ಮಲ್ಲಪ್ಪ ಶಾಫ್ಟಿನಲ್ಲಿ ಪಾಳಿಗೆ ಇಳಿದು, ಕಲ್ಲು ಕೊರೆಯುವ ಯಂತ್ರದ ಸದ್ದಿಗೆ ಕಿವಿ ಮಂದವಾಗಿ, ದೂಳಿಗೆ ಎದೆ ಕಟ್ಟಿ ಮೇಲೆ ಬಂದವರು ಆ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಬಂಗಾರ ಎಂಬುದು ಅವರಿಗೆ ಗೊತ್ತು. ಅಂಥವರೊಬ್ಬರು ಚಿತ್ರ ನೋಡಿ ಬಂದು ಹೇಳಿದ ಮಾತು ಇಷ್ಟೇ: ‘ಹೊಡದಾಟ ಮಸ್ತ್ ಐತ್ರಿ. ಆದ್ರ ಮಾಲಕ ಬದಲಾದ, ಬುಟ್ಟಿ ಹೊರೋರು ಅವ್ರೇ ಉಳಿದ್ರು.’

ಆ ಚಿತ್ರದ ಮೇಲೆ ಬಂದ ವಿಮರ್ಶೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಛಾಯಾಗ್ರಹಣ, ಸಂಕಲನ, ಹಿನ್ನೆಲೆ ಸಂಗೀತ, ತಾಯಿ–ಮಗನ ಭಾವುಕತೆ ಎಲ್ಲದರ ಬಗ್ಗೆ ಪುಟಗಟ್ಟಲೆ ಇದೆ. ಬುಟ್ಟಿ ಹೊರುವವರ ಮೇಲೆ ಇಷ್ಟು ನೇರವಾದ ಒಂದು ಸಾಲು ನನಗೆ ಕಾಣಲಿಲ್ಲ. ಗಣಿಯ ಚಿತ್ರವನ್ನು ಗಣಿಯವನು ನೋಡಿ ಹೇಳಿದ ಮಾತು ವಿಮರ್ಶೆಯಲ್ಲ, ಹರಟೆ ಎನ್ನುವುದಾದರೆ ನನಗೆ ಅಂಥ ಹರಟೆಯೇ ಸಾಕು.

ಭಾಷೆಯ ಮಾತಿಗೆ ಬರೋಣ. ಕನ್ನಡ ಚಿತ್ರಗಳಲ್ಲಿ ನಮ್ಮ ಮಾತು ಎಲ್ಲಿ ಕೇಳಿಸುತ್ತದೆ ನೋಡಿ. ನಾಯಕ ಪ್ರೀತಿಸುವುದು ಬೆಂಗಳೂರಿನ ಕನ್ನಡದಲ್ಲಿ, ಅಳುವುದು ಮೈಸೂರಿನ ಕನ್ನಡದಲ್ಲಿ. ರಾಯಚೂರು, ಕಲಬುರಗಿ, ವಿಜಯಪುರದ ಮಾತು ಬೇಕಾಗುವುದು ಲಾರಿ ಡ್ರೈವರಿಗೆ, ದಡ್ಡ ಪೊಲೀಸನಿಗೆ, ಮದುವೆಮನೆಯಲ್ಲಿ ಬಿದ್ದೇಳುವ ದೂರದ ನೆಂಟನಿಗೆ. ‘ಯಾಕಲೇ’ ಎಂದರೆ ಸಾಕು, ಥಿಯೇಟರು ನಗಬೇಕು ಎಂಬುದು ಸಂಭಾಷಣೆ ಬರೆಯುವವರ ನಂಬಿಕೆ. ಅಲ್ರೀ, ನಮ್ಮ ತಾಯಂದಿರು ಸತ್ತಾಗ ನಾವು ಅತ್ತದ್ದೂ ಇದೇ ಮಾತಿನಲ್ಲಿ. ಸಾಲಗಾರನ ಮುಂದೆ ಬೇಡಿಕೊಂಡದ್ದೂ ಇದೇ ಮಾತಿನಲ್ಲಿ. ಅದರಲ್ಲಿ ನಗುವಂಥದ್ದು ಏನಿದೆ?

ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯಿದೆ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (೧೯೯೦), ಗಿರೀಶ ಕಾರ್ನಾಡರ ನಾಟಕದಿಂದ ಅವರೇ ಮಾಡಿದ ‘ನಾಗಮಂಡಲ’ (೧೯೯೭) ನೋಡಿ. ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿ ಬರೆದ ಮಾತುಗಳಲ್ಲಿ ಉತ್ತರ ಕರ್ನಾಟಕದ ಕನ್ನಡ ಪ್ರೀತಿಯನ್ನೂ ಭಯವನ್ನೂ ಅನುಮಾನವನ್ನೂ ಹೊತ್ತು ನಿಂತಿದೆ. ಯಾರೂ ನಗಲಿಲ್ಲ. ಮಂಡ್ಯ ಸೀಮೆಯ ಹಳ್ಳಿಯವರನ್ನೇ ನಟರನ್ನಾಗಿ ಮಾಡಿ ರಾಮ್ ರೆಡ್ಡಿ ತೆಗೆದ ‘ತಿಥಿ’ ೨೦೧೬ರಲ್ಲಿ ತೆರೆಗೆ ಬಂದಾಗ ಅಲ್ಲಿಯ ಮುದುಕರ ಮಾತನ್ನು ಲೋಕವೇ ಕಿವಿಗೊಟ್ಟು ಕೇಳಿತು. ಕರಾವಳಿಯವರ ದೈವ, ಅವರ ಕಾಡು, ಅವರ ಕನ್ನಡ ೨೦೨೨ರ ‘ಕಾಂತಾರ’ದಲ್ಲಿ ತಲೆಯೆತ್ತಿ ನಿಂತವು. ನಮ್ಮ ಸರದಿ ಯಾವಾಗ ಎಂದು ಕೇಳಿದರೆ ‘ನಿಮ್ಮ ಕಡೆ ಮಾರ್ಕೆಟ್ ಇಲ್ಲ’ ಎನ್ನುತ್ತಾರೆ. ಮಾರ್ಕೆಟ್ ಇಲ್ಲದ ಊರಿನಲ್ಲಿ ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಹಾಲಿನ ಕೊಡ ಹೊತ್ತು ನಿಲ್ಲುವವರು ಯಾರು?

ಸರದಿ ಒಂದು ಸಲ ಬಂದಿತ್ತು. ಉತ್ಸವ್ ಗೋನವಾರ ನಿರ್ದೇಶಿಸಿದ, ಪ್ರಕಾಶ್ ರಾಜ್ ಪ್ರಸ್ತುತಪಡಿಸಿದ ‘ಫೋಟೋ’ ೨೦೨೪ರ ಮಾರ್ಚಿನಲ್ಲಿ ತೆರೆಕಂಡಿತು. ನಮ್ಮ ಸೀಮೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಹುಡುಗ ಅಲ್ಲಿಗೆ ಹೋಗುತ್ತಾನೆ, ೨೦೨೦ರ ಲಾಕ್‌ಡೌನ್ ಬಡಿಯುತ್ತದೆ, ಬಸ್ಸಿಲ್ಲ, ರೈಲಿಲ್ಲ, ಅಪ್ಪ–ಮಗ ನಡೆಯತೊಡಗುತ್ತಾರೆ. ಕತೆ ಇಷ್ಟೇ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಗೆ ನೀರು ಮುಟ್ಟದ ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತುವವರನ್ನು ಕಂಡವರಿಗೆ ಇದು ಕತೆಯೂ ಅಲ್ಲ, ಪಕ್ಕದ ಮನೆಯ ಸುದ್ದಿ.

ಅದೇ ೨೦೨೪ರಲ್ಲಿ ಸಿಂಧನೂರಿಗೆ ರೈಲು ಬಂತು. ಊರಿಗೆ ಊರೇ ಸಂಭ್ರಮಪಟ್ಟಿತು, ಪಡಬೇಕಾದದ್ದೇ. ಆದರೆ ‘ಫೋಟೋ ನೋಡಿದಿರೇನ್ರಿ?’ ಎಂದು ನಾನು ಕೇಳಿದವರಲ್ಲಿ ಹೆಚ್ಚಿನವರು ‘ಯಾವ ಫೋಟೋ?’ ಎಂದು ತಿರುಗಿ ಕೇಳಿದರು. ಇದಕ್ಕೆ ನಿರ್ಮಾಪಕನನ್ನೋ ವಿಮರ್ಶಕನನ್ನೋ ಬೈದು ಕೈತೊಳೆದುಕೊಳ್ಳಲು ನಾನು ತಯಾರಿಲ್ಲ. ಬಾಯಿಂದ ಬಾಯಿಗೆ ಮಾತು ದಾಟಿಸುವ ನಮ್ಮ ಚಹಾದಂಗಡಿ ಆ ವಾರ ಎಲ್ಲಿ ಹೋಗಿತ್ತು? ಅದು ಬೇರೊಂದು ಮಾತಿನಲ್ಲಿ ಮುಳುಗಿತ್ತು. ಆ ಮಾತು ಯಾವುದು ಎಂದರೆ ನಮ್ಮ ಮೂರನೆಯ ಮಹಾಶಯನ ಬಳಿಗೆ ಹೋಗಬೇಕಾಗುತ್ತದೆ.

ಅವನೇ ಅಭಿಮಾನಿ. ಇವತ್ತು ಹತ್ತೊಂಬತ್ತು ವರ್ಷದ ಹುಡುಗನನ್ನು ನಿಲ್ಲಿಸಿ ‘ಪಿಚ್ಚರ್ ಹ್ಯಾಂಗೈತೋ ತಮ್ಮಾ?’ ಎಂದು ಕೇಳಿ. ‘ಫಸ್ಟ್ ಡೇ ಇಷ್ಟು ಕೋಟಿ ಸರ್, ವೀಕೆಂಡಿಗೆ ಇಷ್ಟು ಕೋಟಿ’ ಎನ್ನುತ್ತಾನೆ. ನಾನು ಕೇಳಿದ್ದು ರುಚಿ, ಅವನು ಹೇಳಿದ್ದು ಬಿಲ್ಲು. ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತದ ವ್ಯಾಪಾರಿ ಕೂಡ ಚೀಲದೊಳಗೆ ಕೈಹಾಕಿ, ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ, ಬಾಯಿಗೆ ಹಾಕಿ ಕಡಿದು ನೋಡುತ್ತಾನೆ. ಕಾಳು ನೋಡದೆ ರೇಟು ಹೇಳುವವನನ್ನು ನಾವು ವ್ಯಾಪಾರಿ ಎನ್ನುವುದಿಲ್ಲ, ದಲ್ಲಾಳಿ ಎನ್ನುತ್ತೇವೆ. ಕೂಲಿ ಮಾಡಿ ಟಿಕೆಟ್ ಕೊಂಡ ನಮ್ಮ ಹುಡುಗ ತನಗೆ ಒಂದು ಪೈಸೆ ದಲ್ಲಾಳಿ ಸಿಗದ ದಂಧೆಯಲ್ಲಿ ದಲ್ಲಾಳಿಯಾಗಿ ನಿಂತಿದ್ದಾನೆ. ಸಾವಿರ ಕೋಟಿ ಯಾರ ಮನೆಗೆ ಹೋಯಿತು ಎಂದು ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆ.

ಸಿಟ್ಟು ಬರುವುದು ಇನ್ನೊಂದಕ್ಕೆ. ನಾಯಕನಟನ ಚಿತ್ರ ಚೆನ್ನಾಗಿಲ್ಲ ಎಂದರೆ ನಾಯಕನಿಗೇ ಬೈದಂತೆ, ನಾಯಕನಿಗೆ ಬೈದರೆ ಜಾತಿಗೆ ಬೈದಂತೆ, ಜಾತಿಗೆ ಬೈದರೆ ಕೈ ಎತ್ತಿದಂತೆ. ಒಂದೇ ಓಣಿಯ ಹುಡುಗರು ಇಬ್ಬರು ನಟರ ಹೆಸರಿನಲ್ಲಿ ಮಾತು ಬಿಟ್ಟು ಓಡಾಡುವುದನ್ನು ನಾನು ಕಂಡಿದ್ದೇನೆ. ಆ ಇಬ್ಬರು ನಟರಿಗೆ ಈ ಓಣಿ ಭೂಮಿಯ ಮೇಲೆ ಎಲ್ಲಿದೆ ಎಂಬುದೇ ಗೊತ್ತಿಲ್ಲ. ನಿರ್ಮಾಪಕರು ಕೋರ್ಟಿಗೆ ಹೋಗಿ ಪಡೆಯಲಾಗದ ತಡೆಯಾಜ್ಞೆಯನ್ನು ನಮ್ಮ ಹುಡುಗರು ಬಿಟ್ಟಿಯಾಗಿ ಜಾರಿ ಮಾಡುತ್ತಿದ್ದಾರೆ. ಹೆದರಿಕೆಯಿಂದ ‘ಚಲೋ ಐತಿ’ ಅನ್ನಿಸಿಕೊಂಡ ಚಿತ್ರ ಚಲೋ ಆಗುವುದಿಲ್ಲ. ಮುಂದಿನ ಸಲ ಅದೇ ನಟ ಅದಕ್ಕಿಂತ ಕೆಟ್ಟ ಚಿತ್ರ ಮಾಡುತ್ತಾನೆ, ಅಷ್ಟೇ.

ಕನ್ನಡ–ಪರಭಾಷೆಯ ಜಗಳದಲ್ಲೂ ನಮ್ಮ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ೧೯೫೬ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಉರ್ದು ನಮಗೆ ಕಿವಿಯ ಮಾತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಒಕ್ಕಲು ಬಂದು ಕ್ಯಾಂಪು ಕಟ್ಟಿತು, ಪೂರ್ವ ಬಂಗಾಳದ ನಿರಾಶ್ರಿತರೂ ಸಿಂಧನೂರಿನ ಬದಿಯಲ್ಲಿ ನೆಲೆಸಿದರು. ಹೀಗಾಗಿ ನಮ್ಮಲ್ಲಿ ತೆಲುಗು ಚಿತ್ರ ನೋಡುವುದಕ್ಕೆ ಡಬ್ಬಿಂಗೂ ಬೇಕಾಗಿರಲಿಲ್ಲ, ನಿಷೇಧವೂ ತಟ್ಟಲಿಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ ೨೦೧೫ರಲ್ಲಿ ಆದೇಶ ಕೊಡುವವರೆಗೂ ಬೆಂಗಳೂರು ಕಾದಾಡುತ್ತಿತ್ತು. ನಾವು ಅಷ್ಟು ಹೊತ್ತಿಗೆ ಎರಡೂ ಭಾಷೆಯ ಚಿತ್ರ ನೋಡಿ, ತೂಗಿ, ತೀರ್ಪು ಹೇಳಿ ಮುಗಿಸಿದ್ದೆವು. ‘ಅವ್ರು ಹಳ್ಳಿ ತೋರಿಸಿದ್ರ ಮಣ್ಣು ಕಾಣತೈತಿ, ನಮ್ಮೋರು ಹಳ್ಳಿ ತೋರಿಸಿದ್ರ ಸೆಟ್ ಕಾಣತೈತಿ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕನ್ನಡದ ಮೇಲಿನ ಪ್ರೀತಿ ಇರುವುದರಿಂದಲೇ ಈ ಮಾತು ಬಂತು. ಪ್ರೀತಿ ಇಲ್ಲದವನು ಹೋಲಿಸುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾನೆ.

ಎದ್ದು ಹೋದವರೂ ಇದ್ದಾರೆ, ನಮ್ಮ ಹೆಣ್ಣುಮಕ್ಕಳು. ಒಂದು ಕಾಲದಲ್ಲಿ ಹಬ್ಬದ ಮರುದಿನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಬಗಲಲ್ಲಿಟ್ಟುಕೊಂಡು ಮ್ಯಾಟಿನಿಗೆ ಬರುತ್ತಿದ್ದವರು. ಸೊಸೆಗೆ ಅತ್ತೆ ಕೊಟ್ಟ ಕಷ್ಟ ಸರಿಯೋ ತಪ್ಪೋ ಎಂದು ವಾಪಸ್ಸಿನ ದಾರಿಯುದ್ದಕ್ಕೂ ಅತ್ತೆ–ಸೊಸೆಯರೇ ವಾದಿಸುತ್ತಿದ್ದರು. ಚಿತ್ರದ ನೆವದಲ್ಲಿ ಮನೆಯ ಮಾತು ಹೊರಬೀಳುತ್ತಿತ್ತು. ಕತ್ತಿ, ರಕ್ತ, ಹೊಗೆ ತುಂಬಿದ ಚಿತ್ರಗಳು ಬಂದು ಅವರು ಥಿಯೇಟರು ಬಿಟ್ಟರು, ಅವರ ಅಭಿಪ್ರಾಯವೂ ಅವರೊಂದಿಗೆ ಹೋಯಿತು. ಅರ್ಧ ಊರಿನ ಬಾಯಿ ಮುಚ್ಚಿದ ಮೇಲೆ ಉಳಿದರ್ಧ ಊರಿನ ತೀರ್ಪಿಗೆ ಎಷ್ಟು ಬೆಲೆ?

ದುಡ್ಡಿನ ಮಾತೂ ಇದೆ. ೨೦೨೫ರಲ್ಲಿ ಸರ್ಕಾರ ಟಿಕೆಟ್ಟಿಗೆ ೨೦೦ ರೂಪಾಯಿಯ ಮಿತಿ ಹಾಕಿದಾಗ ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋಗಿ ತಡೆ ತಂದರು. ಆ ಮಲ್ಟಿಪ್ಲೆಕ್ಸುಗಳ ಗೋಡೆಗೆ ಗಾರೆ ಮೆತ್ತಿದ ಕೈಗಳಲ್ಲಿ ನಮ್ಮ ಜಿಲ್ಲೆಯ ಕೈಗಳೂ ಇವೆ. ಕಟ್ಟಿದವನು ಒಳಗೆ ಕೂತು ಒಂದು ಚಿತ್ರ ನೋಡಲು ದಿನದ ಪಗಾರದ ದೊಡ್ಡ ಪಾಲು ಕೊಡಬೇಕು. ಅಷ್ಟು ಕೊಟ್ಟ ಮೇಲೂ ‘ಚಲೋ ಇಲ್ಲ’ ಎನ್ನಬಾರದು ಎಂದರೆ, ಇದು ಸಿನೆಮಾ ವ್ಯಾಪಾರವೋ ಕಪ್ಪಕಾಣಿಕೆಯೋ?

ಮಸ್ಕಿಯಲ್ಲಿ ಒಂದು ಬಂಡೆಯಿದೆ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ೧೯೧೫ರಲ್ಲಿ ಅದು ಬಿತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಹೆಸರು ಹಿಡಿದು ಹೇಳಿದ್ದು ಆ ಬಂಡೆ. ಅದರಲ್ಲಿ ಅಶೋಕ ಹೇಳಿಸಿದ ಇನ್ನೊಂದು ಮಾತಿನ ಸಾರ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ: ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರಿಗೂ ಎಟುಕುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿಗೆ ಸಣ್ಣವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನಿಸಿತು. ಬೆಂಗಳೂರಿನ ಗಾಂಧಿನಗರಕ್ಕೆ ಇನ್ನೂ ಅನ್ನಿಸಿಲ್ಲ.

ಅನ್ನಿಸುವಂತೆ ಮಾಡುವುದು ನಮ್ಮ ಕೈಯಲ್ಲೇ ಇದೆ. ನಮ್ಮ ತೀರ್ಪಿನಲ್ಲಿ ಇರುವ ಕೊರತೆ ಒಂದೇ, ಅದು ಒಂದು ವಾಕ್ಯಕ್ಕೆ ನಿಂತುಬಿಡುತ್ತದೆ. ‘ಚಲೋ ಐತಿ’ ಎಂದವನನ್ನು ‘ಯಾಕ ಚಲೋ ಐತಿ?’ ಎಂದು ಕೇಳಬೇಕು. ‘ಚಲೋ ಇಲ್ಲ’ ಎಂದವನನ್ನೂ ಬಿಡಬಾರದು, ‘ಯಾಕ?’ ಎನ್ನಬೇಕು. ಕೋಟಿಯ ಲೆಕ್ಕ ಹೇಳಿದವನಿಗೆ ‘ಅದು ಅವ್ರ ಲೆಕ್ಕ, ನಿನ್ನ ಲೆಕ್ಕ ಹೇಳು’ ಎನ್ನಬೇಕು. ಅದರಲ್ಲಿ ನಮ್ಮಂಥವರು ಇದ್ದರೋ ಇಲ್ಲವೋ, ಇದ್ದರೆ ಮನುಷ್ಯರಂತೆ ಇದ್ದರೋ ನಗೆಪಾಟಲಾಗಿದ್ದರೋ ಎಂದು ಕೇಳಬೇಕು. ಮನೆಯ ಹೆಣ್ಣುಮಕ್ಕಳನ್ನೂ ಕೇಳಬೇಕು. ಹೀಗೆ ಕೇಳುವುದಕ್ಕೆ ಪದವಿ ಬೇಕಾಗಿಲ್ಲ, ಒಂದು ಕಪ್ಪು ಚಹಾ ಸಾಕು. ಮೂರು ಊರಿನ ಚಹಾದಂಗಡಿಗಳು ಒಂದು ವರ್ಷ ಹೀಗೆ ಮಾತಾಡಿದರೆ, ನಾಲ್ಕನೆಯ ಊರಿಗೆ ಸುದ್ದಿ ತಾನಾಗಿಯೇ ಹೋಗುತ್ತದೆ. ಹಾಗೆ ಮಾತಾಡಲು ಶುರುಮಾಡಿದ ದಿನ ‘ನಿಮ್ಮ ಕಡೆ ಮಾರ್ಕೆಟ್ ಇಲ್ಲ’ ಎನ್ನುವವರೇ ಬಸ್ಸು ಹತ್ತಿ ಬಂದು ನಮ್ಮ ಬೆಂಚಿನ ಮೇಲೆ ಕೂತು ಕೇಳುತ್ತಾರೆ. ಅಲ್ಲಿಯವರೆಗೆ ನಮ್ಮ ಬಾಯಿ ನಮ್ಮದಾಗಿರಲಿ.